ಮಲಾವಿಗೆ ಹೊರಟಿದ್ದೀರಾ? ಸರೋವರ ಮೊದಲು, ಸಿಂಹ ಆಮೇಲೆ

ಕೆನ್ಯಾ, ಟಾಂಜಾನಿಯಾ ಸಫಾರಿ ಮುಗಿಸಿ ಬಂದವರು ಈಚೆಗೆ ಕೇಳುವುದು ಒಂದೇ ಪ್ರಶ್ನೆ. "ಮಲಾವಿ ಹೇಗಿದೆ? ಎಷ್ಟು ದಿನ ಬೇಕು? ಪ್ರಾಣಿ ಸಿಗುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆ ಪ್ರಾಣಿಗಳು ಹಿಂಡುಹಿಂಡಾಗಿ ನದಿ ದಾಟುವುದನ್ನು ನೋಡಬೇಕು ಅಂತಿದ್ದರೆ ಮಲಾವಿ ಬೇಡ. ಇಲ್ಲಿನ ಕಾಡುಗಳು ಚಿಕ್ಕವು. ಸಿಂಹ, ಆನೆ, ಘೇಂಡಾಮೃಗ ಇವೆ, ಆದರೆ ಅವನ್ನೇ ನಂಬಿಕೊಂಡು ಅಷ್ಟು ದೂರ ಹೋಗಬೇಡಿ. ಆಗ್ನೇಯ ಆಫ್ರಿಕಾದ ಈ ದೇಶಕ್ಕೆ ಹೋಗಬೇಕಾದದ್ದು ಮಲಾವಿ ಸರೋವರಕ್ಕಾಗಿ. ಪ್ರವಾಸದ ದಿನಗಳಲ್ಲಿ ಅರ್ಧದಷ್ಟನ್ನಾದರೂ ನೀರಿನ ಪಕ್ಕ ಇಟ್ಟುಕೊಳ್ಳಿ. ಉಳಿದದ್ದನ್ನು ಕಾಡಿಗೂ ಬೆಟ್ಟಕ್ಕೂ ಹಂಚಿ.

1. ನಕ್ಷೆ ಬಿಡಿಸಿ, ಅರ್ಧ ದೇಶವನ್ನು ಬಿಟ್ಟುಬಿಡಿ

ಮಲಾವಿ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ನಮ್ಮದು 1.92 ಲಕ್ಷ ಚದರ ಕಿ.ಮೀ. ಆದರೆ ಅದು ಸುಮಾರು 1.18 ಲಕ್ಷ. ಅದರಲ್ಲೂ ಐದನೇ ಒಂದು ಭಾಗ ನೀರೇ. ಇದನ್ನು ನೋಡಿ "ವಾರದಲ್ಲಿ ಇಡೀ ದೇಶ ಮುಗಿಸಬಹುದು" ಅಂದುಕೊಳ್ಳುತ್ತಾರೆ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ದೇಶ ಪಡವಲಕಾಯಿ ಹಾಗೆ ಉದ್ದಕ್ಕಿದೆ. ತುದಿಯಿಂದ ತುದಿಗೆ ಸುಮಾರು 850 ಕಿ.ಮೀ. ರಸ್ತೆ ಹೆಚ್ಚಿನ ಕಡೆ ಎರಡೇ ಲೇನ್. ಊರು ಬಂದಾಗಲೆಲ್ಲ ವೇಗ 50ಕ್ಕೆ ಇಳಿಸಬೇಕು. ಸೈಕಲ್ಲಿಗೆ ಇದ್ದಿಲಿನ ಮೂಟೆ ಕಟ್ಟಿಕೊಂಡು ಹೋಗುವವರು, ಮೇಕೆಗಳು, ಶಾಲೆ ಮಕ್ಕಳು ಎಲ್ಲರದ್ದೂ ಅದೇ ರಸ್ತೆ. ರಾಜಧಾನಿ ಲಿಲೊಂಗ್ವೆಯಿಂದ ವ್ಯಾಪಾರದ ಊರಾದ ಬ್ಲಾಂಟೈರ್‌ಗೆ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೂ ಐದು ಗಂಟೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ.

ಹತ್ತು ಹನ್ನೆರಡು ದಿನ ಇದ್ದರೆ ದಕ್ಷಿಣ ಅಥವಾ ಉತ್ತರ, ಎರಡರಲ್ಲಿ ಒಂದನ್ನು ಆರಿಸಿ. ಮೊದಲ ಸಲ ಹೋಗುವವರು ದಕ್ಷಿಣಕ್ಕೇ ಹೋಗಿ. ಲಿಲೊಂಗ್ವೆಯಲ್ಲಿ ಇಳಿದು ಬ್ಲಾಂಟೈರ್‌ನಿಂದ ವಾಪಸ್ ಹತ್ತುವ ಹಾಗೆ ಟಿಕೆಟ್ ಮಾಡಿಸಿ. ಬುಕ್ ಮಾಡುವಾಗ ಇದಕ್ಕೆ 'ಮಲ್ಟಿ ಸಿಟಿ' ಅಂತ ಇರುತ್ತದೆ. ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ದಿನ ಉಳಿಯುತ್ತದೆ.

2. ಯಾವ ತಿಂಗಳು?

ಮಳೆಗಾಲ ನವೆಂಬರ್‌ನಿಂದ ಏಪ್ರಿಲ್. ಒಣ ಕಾಲ ಮೇ ತಿಂಗಳಿಂದ ಅಕ್ಟೋಬರ್. ನಮ್ಮ ಬೇಸಿಗೆ ರಜೆ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಸಮಭಾಜಕದ ಆಚೆ ಎಲ್ಲ ಉಲ್ಟಾ. ಜೂನ್, ಜುಲೈಯಲ್ಲಿ ಚಳಿ. ಬೆಟ್ಟದ ಮೇಲಂತೂ ಸ್ವೆಟರ್ ಸಾಲದು, ಜಾಕೆಟ್ಟೇ ಬೇಕು. ಪ್ರಾಣಿ ಚೆನ್ನಾಗಿ ಕಾಣುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹುಲ್ಲು ಒಣಗಿರುತ್ತದೆ, ಹೊಂಡಗಳು ಬತ್ತಿರುತ್ತವೆ, ಎಲ್ಲವೂ ನದಿಗೆ ಬರಲೇಬೇಕು. ಅಕ್ಟೋಬರ್‌ನ ಬಿಸಿಲು ಮಾತ್ರ ರಾಯಚೂರಿನವರಿಗೂ ಜಾಸ್ತಿ ಅನ್ನಿಸಬಹುದು.

ಒಂದೇ ತಿಂಗಳು ಹೇಳಿ ಅಂದರೆ ನಾನು ಸೆಪ್ಟೆಂಬರ್ ಅನ್ನುತ್ತೇನೆ.

ಎರಡು ಪದ ಗೊತ್ತಿರಲಿ. 'ಮ್ವೇರಾ' ಅಂದರೆ ಒಣ ಕಾಲದಲ್ಲಿ ಆಗ್ನೇಯದಿಂದ ಸರೋವರದ ಮೇಲೆ ಬೀಸುವ ಬಿರುಗಾಳಿ. ಅದು ಎದ್ದರೆ ದೋಣಿ ಬಿಡುವುದಿಲ್ಲ. 'ಚಿಪೆರೋನಿ' ಅಂದರೆ ದಕ್ಷಿಣದ ಬೆಟ್ಟಗಳಿಗೆ ಮೇಯಿಂದ ಆಗಸ್ಟ್‌ವರೆಗೆ ಆಗಾಗ ಕವಿಯುವ ಮಂಜು ಮತ್ತು ಜಿಟಿಜಿಟಿ ಮಳೆ. ಮೊಜಾಂಬಿಕ್‌ನ ಒಂದು ಬೆಟ್ಟದ ಹೆಸರು ಅದು. ಒಮ್ಮೆ ಹಿಡಿದರೆ ಮೂರು ನಾಲ್ಕು ದಿನ ಬಿಡದೇ ಇರಬಹುದು. ಮಡಿಕೇರಿಯವರಿಗೆ ವಿವರಿಸಬೇಕಾಗಿಲ್ಲ.

3. ವೀಸಾ, ಲಸಿಕೆ, ಮಾತ್ರೆ

ವೀಸಾ ನಿಯಮ ಈಚಿನ ವರ್ಷಗಳಲ್ಲಿ ಆಗಾಗ ಬದಲಾಗಿದೆ. ಹೋದ ವರ್ಷ ಹೋಗಿಬಂದ ಗೆಳೆಯರ ಮಾತು ನಂಬಿ ಟಿಕೆಟ್ ಮಾಡಿಸಬೇಡಿ. ಮಲಾವಿ ಸರ್ಕಾರದ ಇ-ವೀಸಾ ಜಾಲತಾಣ ನೋಡಿ, ಅನುಮಾನ ಇದ್ದರೆ ದೆಹಲಿಯಲ್ಲಿರುವ ಅವರ ಹೈಕಮಿಷನ್‌ಗೆ ಬರೆದು ಕೇಳಿ. ವೀಸಾ ಕೈಗೆ ಬಂದ ಮೇಲೆ ವಾಪಸ್ ಟಿಕೆಟ್, ಮೊದಲ ರಾತ್ರಿಯ ಹೋಟೆಲ್ ಬುಕಿಂಗ್, ಹಳದಿ ಪುಸ್ತಕ ಮೂರನ್ನೂ ಒಂದೇ ಕವರಿನಲ್ಲಿ ಇಟ್ಟುಕೊಳ್ಳಿ.

ಹಳದಿ ಪುಸ್ತಕ ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ. ಜನ ಎಡವುವುದು ಇಲ್ಲೇ. ಮಲಾವಿಯಲ್ಲಿ ಹಳದಿ ಜ್ವರದ ಭಯ ಇಲ್ಲ. ಆದರೆ ನೀವು ವಿಮಾನ ಬದಲಿಸುವುದು ಸಾಮಾನ್ಯವಾಗಿ ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ಅಥವಾ ಕೆನ್ಯಾದ ನೈರೋಬಿಯಲ್ಲಿ. ಆ ಎರಡೂ ದೇಶಗಳು ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ಮಲಾವಿಯವರು ಪುಸ್ತಕ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ವಾಪಸ್ ಬರುವಾಗ ನಮ್ಮವರೇ ಕೇಳುತ್ತಾರೆ. ಪುಸ್ತಕ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುವ ಅಧಿಕಾರ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಸುಮ್ನೆ ವಾದ ಮಾಡುವ ಬದಲು ಲಸಿಕೆ ಹಾಕಿಸಿಕೊಳ್ಳಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲೇ ಹಾಕಿಸಬೇಕು. ಹಾಕಿಸಿದ ಹತ್ತು ದಿನದ ನಂತರವೇ ಪ್ರಮಾಣಪತ್ರ ಜಾರಿಗೆ ಬರುತ್ತದೆ. ಒಮ್ಮೆ ಬಂದರೆ ಜೀವನಪೂರ್ತಿ ನಡೆಯುತ್ತದೆ.

ಮಲೇರಿಯಾ ಹಾಗಲ್ಲ, ಅದು ನಿಜವಾದ ಅಪಾಯ. 1875ರಲ್ಲಿ ಸ್ಕಾಟ್‌ಲ್ಯಾಂಡಿನ ಮಿಷನರಿಗಳು ಸರೋವರದ ದಕ್ಷಿಣ ತುದಿಯ ಕೇಪ್ ಮ್ಯಾಕ್ಲಿಯರ್‌ನಲ್ಲಿ ನೆಲೆ ಹಾಕಿದರು. ಜ್ವರಕ್ಕೆ ಒಬ್ಬೊಬ್ಬರಾಗಿ ಬಲಿಯಾದರು. 1881ರಲ್ಲಿ ಊರು ಬಿಟ್ಟು ಬಂಡಾವೆಗೆ ಹೋದರು. ಅಲ್ಲೂ ಜ್ವರ ಬಿಡಲಿಲ್ಲ. ಕೊನೆಗೆ 1894ರಲ್ಲಿ ಉತ್ತರದ ಎತ್ತರದ ಬೆಟ್ಟ ಹತ್ತಿದರು. ಇವತ್ತಿನ ಲಿವಿಂಗ್‌ಸ್ಟೋನಿಯಾ ಅದೇ. ಕೇಪ್ ಮ್ಯಾಕ್ಲಿಯರ್‌ನಲ್ಲಿ ಅವರ ಸಮಾಧಿಗಳು ಇನ್ನೂ ಇವೆ. "ನಮಗೆ ಸೊಳ್ಳೆ ಅಭ್ಯಾಸ ಇದೆ" ಅನ್ನುವವರು ಮೊದಲು ಅಲ್ಲಿಗೆ ಹೋಗಿ ನಿಲ್ಲಲಿ.

ತಡೆಗಟ್ಟುವ ಮಾತ್ರೆಗಳಲ್ಲಿ ಹಲವು ಬಗೆ. ಕೆಲವನ್ನು ಹೊರಡುವ ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಯಾವುದು ನಿಮಗೆ ಆಗುತ್ತದೆ ಅಂತ ವೈದ್ಯರನ್ನು ಕೇಳಿ, ಹೊರಡುವ ತಿಂಗಳ ಮೊದಲೇ ಕೇಳಿ. ಬಂದ ಮೇಲೆ ನಿಲ್ಲಿಸಿಬಿಡುವುದೇ ಇಲ್ಲಿನ ದೊಡ್ಡ ತಪ್ಪು.

4. ದುಡ್ಡು, ಪೆಟ್ರೋಲ್, ಪ್ಲಗ್

ಅಲ್ಲಿನ ಹಣ ಕ್ವಾಚಾ. ಡಾಲರ್ ತೆಗೆದುಕೊಂಡು ಹೋಗಿ, ಹೊಸ ನೋಟುಗಳನ್ನೇ ತೆಗೆದುಕೊಂಡು ಹೋಗಿ. ಹಳೆಯದು, ಮಡಚಿದ್ದು, ಗೀಚಿದ್ದು ಅಂದರೆ ತಿರುಗಿಸಿ ಕೊಟ್ಟುಬಿಡುತ್ತಾರೆ. ವಿದೇಶಿ ಹಣಕ್ಕೆ ಆ ದೇಶದಲ್ಲಿ ಬಹಳ ಕೊರತೆ. 2023ರ ನವೆಂಬರ್‌ನಲ್ಲಿ ಸರ್ಕಾರ ಕ್ವಾಚಾದ ಬೆಲೆಯನ್ನು ಒಂದೇ ಏಟಿಗೆ ಭಾರಿ ಇಳಿಸಿತು. ಕೊರತೆ ಇರುವುದರಿಂದ ಡಾಲರಿಗೆ ಬೀದಿಯಲ್ಲಿ ಬ್ಯಾಂಕಿಗಿಂತ ಜಾಸ್ತಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಎಣಿಸುವಾಗ ಕೈಚಳಕ ಬೇರೆ. ಬೇಡ. ಕ್ವಾಚಾ ದೇಶದ ಹೊರಗೆ ಯಾರಿಗೂ ಬೇಡ, ಖರ್ಚಿಗೆ ಬೇಕಾದಷ್ಟೇ ಬದಲಿಸಿ.

ಡಾಲರ್ ಕೊರತೆ ಬಂದಾಗ ಪೆಟ್ರೋಲ್ ಕೊರತೆಯೂ ಬರುತ್ತದೆ. ಬಂಕ್‌ನಲ್ಲಿ ಕಿಲೋಮೀಟರ್ ಉದ್ದದ ಸಾಲು ಕಂಡರೆ ಆಶ್ಚರ್ಯ ಬೇಡ. ಕಾರು ಬಾಡಿಗೆಗೆ ತೆಗೆದುಕೊಳ್ಳುವಾಗ "ಡ್ರೈವರ್ ಸಹಿತ, ಇಂಧನದ ಜವಾಬ್ದಾರಿ ನಿಮ್ಮದೇ" ಅಂತ ಬರೆಸಿಕೊಳ್ಳಿ. ನಾನೇ ಓಡಿಸುತ್ತೇನೆ ಅನ್ನುವವರಿಗೆ ಎಡಬದಿ ಸಂಚಾರ, ಅಷ್ಟು ಅನುಕೂಲ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಕತ್ತಲಾದ ಮೇಲೆ ಓಡಿಸಲೇಬೇಡಿ, ದೀಪ ಇಲ್ಲದ ಲಾರಿ ರಸ್ತೆ ಮಧ್ಯೆಯೇ ಕೆಟ್ಟು ನಿಂತಿರುತ್ತದೆ. ಮಿನಿಬಸ್ ಅಗ್ಗ, ಆದರೆ ತುಂಬುವ ತನಕ ಹೊರಡುವುದಿಲ್ಲ. ನಮ್ಮ ಟೆಂಪೋ ಕಂಡವರಿಗೆ ಇದು ಹೊಸದಲ್ಲ.

ಪ್ಲಗ್ ಬ್ರಿಟಿಷರ ಮೂರು ಚಪ್ಪಟೆ ಕಾಲಿನದು. ನಮ್ಮದು ಕೂರುವುದಿಲ್ಲ. ಕರೆಂಟ್ ಹೋಗುವುದು ಮಾಮೂಲು, ಪವರ್ ಬ್ಯಾಂಕ್ ಇರಲಿ.

5. ದಕ್ಷಿಣದ ದಾರಿ

ಇಳಿದ ದಿನ ಲಿಲೊಂಗ್ವೆಯಲ್ಲಿ ಮಲಗಿ. ವಿಳಾಸದಲ್ಲಿ 'ಏರಿಯಾ 3', 'ಏರಿಯಾ 47' ಅಂತ ಇರುತ್ತದೆ. 3ರ ಪಕ್ಕ 4 ಇರಬೇಕು ಅಂತ ಹುಡುಕಲು ಹೋಗಬೇಡಿ. ಬಡಾವಣೆ ಮಾಡಿದ ಕ್ರಮದಲ್ಲಿ ನಂಬರ್ ಕೊಟ್ಟಿದ್ದಾರೆ, ಜಾಗದ ಕ್ರಮದಲ್ಲಲ್ಲ. ಬೆಂಗಳೂರಿನ ಬ್ಲಾಕು, ಸ್ಟೇಜುಗಳೇ ವಾಸಿ ಅನ್ನಿಸುತ್ತದೆ.

ಮರುದಿನ ಬೆಳಗ್ಗೆ ಡೆಡ್ಜಾ ಕಡೆ ಹೊರಡಿ. ಚೊಂಗೋನಿ ಬೆಟ್ಟಗಳಲ್ಲಿ ಬಂಡೆಚಿತ್ರಗಳ 127 ತಾಣಗಳಿವೆ. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಕೆಂಪು ಗೆರೆಗಳ ಚಿತ್ರ ಹಳೆಯದು, ಬೇಟೆಯಾಡಿ ಬದುಕುತ್ತಿದ್ದವರದ್ದು. ಬಿಳಿ ಬಣ್ಣದ್ದು ಆಮೇಲೆ ಬಂದ ಚೆವಾ ರೈತರದ್ದು. ಒಂದೆರಡು ತಾಣ ನೋಡಿದರೆ ಸಾಕು. ಗೈಡ್ ಇಲ್ಲದೆ ಹೋದರೆ ಬಂಡೆಗಳ ನಡುವೆ ಸುತ್ತುವುದಷ್ಟೇ ಆಗುತ್ತದೆ.

ಅಲ್ಲಿಂದ ಘಟ್ಟ ಇಳಿದರೆ ಮುವಾ ಸಿಗುತ್ತದೆ. ಅಲ್ಲಿನ ಮಿಷನ್‌ನ ಕುಂಗೋನಿ ಕೇಂದ್ರದಲ್ಲಿ 'ಗುಲೆ ವಾಮ್ಕುಲು' ಮುಖವಾಡಗಳ ಸಂಗ್ರಹವಿದೆ. ಗುಲೆ ವಾಮ್ಕುಲು ಅಂದರೆ ಮಹಾ ನೃತ್ಯ. ಸಾವು, ದೀಕ್ಷೆ ಮುಂತಾದ ಸಂದರ್ಭದಲ್ಲಿ ಚೆವಾ ಜನರ ಗುಪ್ತ ಕೂಟವೊಂದು ಮುಖವಾಡ ಹಾಕಿ ಕುಣಿಯುತ್ತದೆ. ಕುಣಿಯುವಾತ ಆ ಹೊತ್ತಿಗೆ ಮನುಷ್ಯನಲ್ಲ, ಸತ್ತವರ ಲೋಕದಿಂದ ಬಂದವನು. ನಮ್ಮ ಭೂತಕೋಲ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ರಸ್ತೆಯಲ್ಲಿ ಮುಖವಾಡದವರು ಎದುರಾದರೆ ಕೇಳದೆ ಫೋಟೊ ತೆಗೆಯಬೇಡಿ.

ಈಗ ಸರೋವರ. ಕೇಪ್ ಮ್ಯಾಕ್ಲಿಯರ್‌ನಲ್ಲಿ ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು. ಊರಿನ ಹೆಸರು ಚೆಂಬೆ. ಮಲಾವಿ ಸರೋವರ ಸುಮಾರು 580 ಕಿ.ಮೀ. ಉದ್ದ, ಅಗಲವಾದ ಕಡೆ 75 ಕಿ.ಮೀ., ಆಳ 700 ಮೀಟರ್. ಆಫ್ರಿಕಾದಲ್ಲಿ ಮೂರನೇ ದೊಡ್ಡದು. ಸಮುದ್ರದ ಹಾಗೆ ಅಲೆ ಬರುತ್ತದೆ, ಬಾಯಿಗೆ ಹೋದರೆ ಮಾತ್ರ ಸಿಹಿನೀರು. ದಡದಲ್ಲಿ ಬೆತ್ತದ ಚಪ್ಪರಗಳ ಮೇಲೆ 'ಉಸಿಪಾ' ಅನ್ನುವ ಬೆರಳುದ್ದದ ಮೀನು ಒಣಗುತ್ತಿರುತ್ತದೆ. ವಾಸನೆ ಮಂಗಳೂರಿನವರಿಗೆ ಊರು ನೆನಪಿಸುತ್ತದೆ.

ಇಲ್ಲಿಗೆ ಬರಬೇಕಾದ ಕಾರಣ ನೀರಿನ ಮೇಲಿಲ್ಲ, ಒಳಗಿದೆ. ಸ್ನಾರ್ಕೆಲ್ ಹಾಕಿಕೊಂಡು ಬಂಡೆಗಳ ಪಕ್ಕ ತಲೆ ಮುಳುಗಿಸಿ. ಸ್ನಾರ್ಕೆಲ್ ಅಂದರೆ ಕನ್ನಡಕದ ಜೊತೆ ಉಸಿರಾಡುವ ಕೊಳವೆ, ಬಾಡಿಗೆಗೆ ಸಿಗುತ್ತದೆ. ನೀಲಿ, ಹಳದಿ, ಪಟ್ಟೆಪಟ್ಟೆಯ ಮೀನುಗಳು ನಿಮ್ಮ ಮೂಗಿನ ಮುಂದೆಯೇ ಬಂಡೆಯ ಪಾಚಿ ಕೆರೆದು ತಿನ್ನುತ್ತಿರುತ್ತವೆ. ಸ್ಥಳೀಯರು ಇವನ್ನು 'ಮ್ಬುನಾ' ಅನ್ನುತ್ತಾರೆ. ನಮ್ಮೂರಿನ ಅಕ್ವೇರಿಯಂ ಅಂಗಡಿಗಳಲ್ಲಿ 'ಆಫ್ರಿಕನ್ ಸಿಕ್ಲಿಡ್' ಅಂತ ಮಾರುವ ಬಣ್ಣದ ಮೀನುಗಳಲ್ಲಿ ಎಷ್ಟೋ ಬಗೆಯ ತವರು ಈ ಸರೋವರ. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಇಲ್ಲಿರುವ ನೂರಾರು ಜಾತಿಗಳಲ್ಲಿ ಹೆಚ್ಚಿನವು ಬೇರೆ ಯಾವ ನೀರಿನಲ್ಲೂ ಹುಟ್ಟಿದ್ದಲ್ಲ. ಒಂದು ಬಂಡೆಗುಂಪಿನಲ್ಲಿ ಕಂಡದ್ದು ಮರಳು ದಾಟಿ ಇನ್ನೊಂದು ಬಂಡೆಗುಂಪಿಗೆ ಹೋದರೆ ಕಾಣದೇ ಇರಬಹುದು. ಇದಕ್ಕಾಗಿಯೇ 1984ರಲ್ಲಿ ಈ ಭಾಗದ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿದರು.

ದಯವಿಟ್ಟು ಮೂರು ಎಚ್ಚರಿಕೆ ನೆನಪಿಡಿ. ಜೊಂಡು ಬೆಳೆದ, ನಿಂತ ನೀರಿಗೆ ಇಳಿಯಬೇಡಿ. ಅಲ್ಲಿನ ಬಸವನಹುಳುಗಳಿಂದ 'ಬಿಲ್ಹಾರ್ಜಿಯಾ' ಬರುತ್ತದೆ. ಕಣ್ಣಿಗೆ ಕಾಣದ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ದೋಣಿಯಲ್ಲಿ ದ್ವೀಪದ ಬಂಡೆಗಳ ಕಡೆ ಹೋಗಿ ಈಜಿದರೆ ಅಪಾಯ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ಎರಡನೆಯದು, ನದಿ ಬಂದು ಸೇರುವ ಕಡೆ ಮೊಸಳೆ ಇರುತ್ತದೆ. ಮೂರನೆಯದು, ಸಂಜೆಯಾದ ಮೇಲೆ ದಡದಲ್ಲಿ ಓಡಾಡಬೇಡಿ, ಹುಲ್ಲು ಮೇಯಲು ಹಿಪ್ಪೊ ಮೇಲೆ ಬರುತ್ತದೆ. ಹಿಪ್ಪೊಗೂ ನೀರಿಗೂ ನಡುವೆ ಮಾತ್ರ ನಿಲ್ಲಬೇಡಿ.

ನಾಲ್ಕೈದು ದಿನ ಆದ ಮೇಲೆ ಲಿವೊಂಡೆ ಕಾಡಿಗೆ ಬನ್ನಿ, ಎರಡು ರಾತ್ರಿ. ಸರೋವರದಿಂದ ಹೊರಗೆ ಹರಿಯುವುದು ಶಿರೆ ಒಂದೇ ನದಿ, ಅದರ ದಂಡೆಯಲ್ಲೇ ಈ ಕಾಡು. 2015ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಇದರ ಉಸ್ತುವಾರಿ ವಹಿಸಿಕೊಂಡಾಗ ಎಲ್ಲೆಲ್ಲೂ ಉರುಳುಗಳೇ. ಆಮೇಲೆ ಚೀತಾ ಬಂತು, 2018ರಲ್ಲಿ ಸಿಂಹ ಬಂತು. ಆನೆಗಳು ಎಷ್ಟು ಹೆಚ್ಚಿದವೆಂದರೆ 2022ರಲ್ಲಿ 263 ಆನೆಗಳನ್ನು ಲಾರಿಯಲ್ಲಿ ಕಸುಂಗು ಕಾಡಿಗೆ ಸಾಗಿಸಿದರು. ಜೀಪ್ ಸಫಾರಿಗಿಂತ ದೋಣಿ ಸಫಾರಿಗೆ ದುಡ್ಡು ಹಾಕಿ. ಬೆಳಗ್ಗೆ ಒಂದು, ಸಂಜೆ ಒಂದು ಮಾಡಿದರೂ ಬೇಜಾರಾಗುವುದಿಲ್ಲ.

"ಮಜೆತೆಗೂ ಹೋಗಬೇಕಾ?" ಅಂತ ಕೇಳುತ್ತಾರೆ. ಬರಿದಾಗಿದ್ದ ಕಾಡನ್ನು 2003ರಿಂದ ಮತ್ತೆ ತುಂಬಿಸಿದ ಕಥೆ ಅದು, ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಐದೂ ಇವೆ. ಆದರೆ ಎರಡರಲ್ಲಿ ಒಂದು ಸಾಕು. ನನ್ನ ಮತ ಲಿವೊಂಡೆಗೆ, ನದಿಗಾಗಿ.

ಉಳಿದದ್ದು ಬೆಟ್ಟ. ಝೊಂಬಾ 1975ರ ತನಕ ರಾಜಧಾನಿಯಾಗಿತ್ತು. ಅದರ ಪ್ರಸ್ಥಭೂಮಿಯ ಮೇಲೆ ಒಂದು ದಿನ ನಡೆಯಬಹುದು. ಚಾರಣದ ಹುಚ್ಚು ಇದ್ದವರು ಮುಲಾಂಜೆಗೆ ಹೋಗಿ. 2025ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಸೇರಿತು. ತುತ್ತತುದಿ ಸಪಿತ್ವಾ, 3,002 ಮೀಟರ್. ಆ ಹೆಸರಿನ ಅರ್ಥವೇ 'ಅಲ್ಲಿಗೆ ಹೋಗಬಾರದು' ಅಂತ ಸ್ಥಳೀಯರು ಹೇಳುತ್ತಾರೆ. ಲಿಖುಬುಲಾದ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಿ, ಗೈಡ್ ಮತ್ತು ಹೊರೆಯಾಳು ಗೊತ್ತು ಮಾಡಿಕೊಳ್ಳಿ. ಮೇಲೆ ಮರದ ಗುಡಿಸಲುಗಳಿವೆ, ಹಾಸಿಗೆ ಊಟ ನೀವೇ ಒಯ್ಯಬೇಕು. ಮೂರು ದಿನ ಬೇಕು. ಚಿಪೆರೋನಿ ಕವಿದರೆ ಗುಡಿಸಲು ಬಿಟ್ಟು ಕದಲಬೇಡಿ, ಬಂಡೆ ಜಾರುತ್ತದೆ, ದಾರಿ ಮಾಯವಾಗುತ್ತದೆ. ಚಾರಣ ಬೇಡದವರಿಗೆ ಪಕ್ಕದ ಚಹಾ ತೋಟಗಳ ಊರು ಇದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ 'ಥ್ಯೋಲೊ' ಅಂದರೆ ಡ್ರೈವರಿಗೆ ಅರ್ಥವಾಗುವುದಿಲ್ಲ, 'ಚೋಲೊ' ಅನ್ನಿ.

6. ಉತ್ತರ: ಎರಡನೇ ಸಲಕ್ಕೆ

ಮೂರು ವಾರ ಇದ್ದವರಿಗೆ ಅಥವಾ ಮತ್ತೆ ಹೋಗುವವರಿಗೆ. ನ್ಖಾಟಾ ಬೇ ಎಂಬ ಪುಟ್ಟ ಬಂದರು, ಲಿವಿಂಗ್‌ಸ್ಟೋನಿಯಾಕ್ಕೆ ಏರುವ ಇಪ್ಪತ್ತು ತಿರುವುಗಳ ಮಣ್ಣಿನ ಘಾಟಿ, 2,000 ಮೀಟರ್‌ಗಿಂತ ಎತ್ತರದಲ್ಲಿ ಹುಲ್ಲುಗಾವಲಾಗಿ ಹಬ್ಬಿದ ನ್ಯೀಕಾ. ನ್ಯೀಕಾದಲ್ಲಿ ಜೀಬ್ರಾಗಳು ಕುದುರೆಮುಖದಂಥ ಗುಡ್ಡಗಳ ಮೇಲೆ ಮೇಯುತ್ತವೆ. ಆರ್ಕಿಡ್ ಹೂ ಬೇಕಾದರೆ ಜನವರಿ, ಫೆಬ್ರವರಿ. ಆದರೆ ಆಗ ರಸ್ತೆ ಕೆಸರು, ಫೋರ್ ವೀಲ್ ಡ್ರೈವ್ ಇಲ್ಲದೆ ಆಗದು.

ಲಿಕೋಮಾ ದ್ವೀಪ ಮಲಾವಿಗೆ ಸೇರಿದ್ದು, ಆದರೆ ಇರುವುದು ಮೊಜಾಂಬಿಕ್‌ನ ನೀರಿನೊಳಗೆ. 18 ಚದರ ಕಿ.ಮೀ. ದ್ವೀಪದಲ್ಲಿ ದೊಡ್ಡ ಕೆಥೆಡ್ರಲ್ ಇದೆ, 1903ರಲ್ಲಿ ಕಟ್ಟಲು ಶುರು ಮಾಡಿದ್ದು. ಅಲ್ಲಿಗೆ ಹೋಗುವ ಪ್ರಸಿದ್ಧ ಹಡಗು ಇಲಾಲಾ, 1951ರಿಂದ ಓಡುತ್ತಿದೆ. ಅಷ್ಟು ವಯಸ್ಸಾದದ್ದು ಆಗಾಗ ದುರಸ್ತಿಗೆ ನಿಲ್ಲುತ್ತದೆ. ಹಡಗಿನ ದಿನಾಂಕ ನಂಬಿ ವಾಪಸ್ ವಿಮಾನ ಮಾಡಿಸಬೇಡಿ. ಅಂಥದೇ ದೋಣಿ ಕಾದು ನಾನು ಎರಡು ದಿನ ಕಳೆದುಕೊಂಡಿದ್ದೇನೆ.

ನ್ಖೊಟಕೊಟಾ, ವ್ವಾಝಾ ಕಾಡುಗಳಿಗೆ ಹೋಗುವವರು ನೀಲಿ, ಕಪ್ಪು ಬಟ್ಟೆ ಬಿಡಿ. ನಿದ್ರಾರೋಗ ಹರಡುವ ತ್ಸೆತ್ಸೆ ನೊಣಕ್ಕೆ ಆ ಬಣ್ಣ ಇಷ್ಟ.

7. ಊಟ, ಮಾತು

ಸಸ್ಯಾಹಾರಿಗಳು ಹೆದರಬೇಡಿ. ಅಲ್ಲಿನ ಊಟ 'ನ್ಸಿಮಾ'. ಮೆಕ್ಕೆಜೋಳದ ಬಿಳಿ ಹಿಟ್ಟಿನ ಮುದ್ದೆ ಅಂದುಕೊಳ್ಳಿ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಗೊಜ್ಜಿಗೆ ಅದ್ದಿ ತಿನ್ನುವುದು. ನುಂಗುವುದಲ್ಲ, ಅಗಿಯುವುದು, ಅಷ್ಟೇ ವ್ಯತ್ಯಾಸ. ಜೊತೆಗೆ 'ನ್ಯೆಂಬಾ' ಅಂದರೆ ಹುರುಳಿಕಾಯಿ ಬೀಜದ ಸಾರು, 'ಮಸಾಂಬಾ' ಅಂದರೆ ಸೊಪ್ಪು. ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿದ್ದು ಸಿಕ್ಕರೆ ಎರಡು ಸಲ ಹಾಕಿಸಿಕೊಳ್ಳಿ. ಸೊಪ್ಪಿಗೆ ಒಣಮೀನು ಬೆರೆಸಿದ್ದಾರಾ ಅಂತ ಮಾತ್ರ ಕೇಳಿ ತಿನ್ನಿ. ಮೀನು ತಿನ್ನುವವರು 'ಚಾಂಬೊ' ಕೇಳಿ. ಬ್ಲಾಂಟೈರ್ ಮತ್ತು ಪಕ್ಕದ ಲಿಂಬೆಯಲ್ಲಿ ತಲೆಮಾರುಗಳಿಂದ ಗುಜರಾತಿ ಕುಟುಂಬಗಳಿವೆ, ಬೇಳೆ ಮಸಾಲೆಗೆ ಕೊರತೆಯಿಲ್ಲ.

ಯಾರನ್ನೇ ಆಗಲಿ ದಾರಿ ಕೇಳುವ ಮುಂಚೆ ನಮಸ್ಕಾರ ಹೇಳಿ. 'ಮುಲಿ ಬ್ವಾಂಜಿ?' ಅಂದರೆ ಹೇಗಿದ್ದೀರಿ? 'ಜಿಕೊಮೊ' ಅಂದರೆ ಧನ್ಯವಾದ. ಉತ್ತರದಲ್ಲಿ ತುಂಬುಕಾ ಭಾಷೆ, ಅಲ್ಲಿ 'ಯೆವೊ' ಅನ್ನಿ. ನೇರವಾಗಿ ವಿಷಯಕ್ಕೆ ಇಳಿದರೆ ಒರಟು ಅಂದುಕೊಳ್ಳುತ್ತಾರೆ. ಇಂಗ್ಲಿಷ್ ಊರುಗಳಲ್ಲಿ ನಡೆಯುತ್ತದೆ.

8. ಮನೆಗೆ ಬಂದ ಮೇಲೆ

ಮಲೇರಿಯಾ ಮಾತ್ರೆ ಮುಗಿಸಿ. ಮುಂದಿನ ಮೂರು ತಿಂಗಳಲ್ಲಿ ಜ್ವರ ಬಂದರೆ "ವೈರಲ್ ಇರಬೇಕು" ಅಂತ ಮಲಗಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ. ಸರೋವರಕ್ಕೆ ಇಳಿದಿದ್ದರೆ ಎರಡು ಮೂರು ತಿಂಗಳ ನಂತರ ಬಿಲ್ಹಾರ್ಜಿಯಾ ಪರೀಕ್ಷೆಯೂ ಬೇಕು. ಬೇಗ ಮಾಡಿಸಿದರೆ ಇದ್ದರೂ ಸಿಗುವುದಿಲ್ಲ. ನಮ್ಮಲ್ಲಿ ಹೆಚ್ಚುಕಡಿಮೆ ಇಲ್ಲದ ಕಾಯಿಲೆ ಇದು, ಹಾಗಾಗಿ ವೈದ್ಯರಿಗೆ ತಾವಾಗಿ ಹೊಳೆಯುವುದು ಕಷ್ಟ. ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಪ್ರಾಜಿಕ್ವಾಂಟೆಲ್ ಅನ್ನುವ ಮಾತ್ರೆಗೆ ವಾಸಿಯಾಗುತ್ತದೆ.